ಜವೆಗೋಧಿ ಮುದ್ದೆಯ ಊರಿನಿಂದ

ಬಿಯೂಗ್ರಾ, ಮೊರಾಕ್ಕೊ
19 ಜನವರಿ 2025

ಅವ್ವನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಫೋನಿನಲ್ಲಿ ಪ್ರತಿ ಸಲ ನೀನು ಕೇಳುವುದು ಒಂದೇ ಪ್ರಶ್ನೆ: "ಏನು ಉಂಡೆ?" ನಾನು "ಏನೋ ಒಂದು" ಎನ್ನುತ್ತೇನೆ, ನೀನು ನಿಟ್ಟುಸಿರು ಬಿಡುತ್ತೀಯೆ, ಅಷ್ಟರಲ್ಲಿ ಕರೆ ಕಡಿದುಹೋಗುತ್ತದೆ. ಆ ಪ್ರಶ್ನೆಗೆ ಕಾಗದವೇ ಸರಿ. ಅಜ್ಜಿಗೂ ಓದಿ ಹೇಳು. ಅವಳಿಗೆ ಓದಬಾರದ ಸಾಲು ಒಂದಿದೆ, ಬಂದಾಗ ತಿಳಿಸುತ್ತೇನೆ.

ನಾನು ಬಾಡಿಗೆಗಿರುವ ಮಹಡಿಯ ಕೆಳಗೆ ಮನೆಯೊಡತಿಯ ಸಂಸಾರವಿದೆ. ಎಲ್ಲರೂ ಆಕೆಯನ್ನು ಲಲ್ಲಾ ಎಂದು ಕರೆಯುತ್ತಾರೆ. ನಮ್ಮಲ್ಲಿ ಹಿರಿಯ ಹೆಂಗಸರನ್ನು ಅಮ್ಮಾವರು ಎಂದಂತೆ. ಲಲ್ಲಾ ಈ ಸೂಸ್ ಸೀಮೆಯ ಅಮಾಜಿಘ್ ಹೆಂಗಸು, ಅಂದರೆ ಅರಬರಿಗಿಂತ ಮೊದಲಿನಿಂದ ಇಲ್ಲಿರುವ ಮೂಲ ಜನದವಳು. ಹೊರಗಿನವರು ಇವರನ್ನು ಬರ್ಬರ್ ಎನ್ನುತ್ತಾರೆ, ಇವರಿಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಸೊಸೆ ಫೆಸ್ ನಗರದ ಅರಬ್ ಮನೆತನದವಳು. ಅಡುಗೆಮನೆ ಒಂದೇ, ಒಲೆಯೂ ಒಂದೇ, ಅಭಿಪ್ರಾಯ ಮಾತ್ರ ಎರಡು.

ಶುಕ್ರವಾರ ಮಧ್ಯಾಹ್ನ, ಮಸೀದಿಯ ನಮಾಜು ಮುಗಿದ ಮೇಲೆ, ಊರಿಗೆ ಊರೇ ಕುಸ್ಕುಸ್ ಉಣ್ಣುತ್ತದೆ. ಇದು ಪುಟ್ಟ ರವೆಯ ಉಪ್ಪಿಟ್ಟಿನಂತೆ ಕಾಣುತ್ತದೆ, ಆದರೆ ಹಾಗೆಂದು ಲಲ್ಲಾ ಮುಂದೆ ಹೇಳಿದರೆ ಮನೆ ಬಿಡಬೇಕಾದೀತು. ಗೋಧಿ ರವೆಗೆ ಉಪ್ಪುನೀರು ಚಿಮುಕಿಸಿ, ನಡುನಡುವೆ ಒಣಹಿಟ್ಟು ಉದುರಿಸುತ್ತಾ ಅಂಗೈಯಲ್ಲಿ ಉಜ್ಜಿ ಉಜ್ಜಿ ಕಾಳು ಕಟ್ಟಿಸಿ ಜರಡಿ ಹಿಡಿಯುತ್ತಾರೆ. ಕೆಳಗಿನ ಪಾತ್ರೆಯಲ್ಲಿ ಮಾಂಸ, ತರಕಾರಿ, ಕಡಲೆಕಾಳಿನ ಸಾರು ಕುದಿಯುತ್ತಿರುತ್ತದೆ. ಅದರ ಮೇಲೆ ತೂತಿನ ತಳದ ಪಾತ್ರೆ. ಎರಡರ ಸಂದಿಗೆ ಹಿಟ್ಟಿನ ಗಂಜಿಯಲ್ಲಿ ಅದ್ದಿದ ಬಟ್ಟೆ ಸುತ್ತಿ ಹಬೆ ಸೋರದಂತೆ ಬಿಗಿಯುತ್ತಾರೆ. ನೀನು ಕಡುಬಿನ ಪಾತ್ರೆಗೆ ಒದ್ದೆ ಬಟ್ಟೆ ಸುತ್ತುವುದು ಕಣ್ಣಿಗೆ ಕಟ್ಟಿತು. ಆದರೆ ಇಲ್ಲಿ ಒಂದು ಹಬೆಗೆ ಮುಗಿಯುವುದಿಲ್ಲ. ಮೂರು ಸಲ ಇಳಿಸಬೇಕು, ಅಗಲದ ಮಣ್ಣಿನ ತಟ್ಟೆಗೆ ಸುರಿದು ನೀರು, ಎಣ್ಣೆ ಹಚ್ಚಿ ಬಿಡಿಸಬೇಕು, ಮತ್ತೆ ಏರಿಸಬೇಕು. ಸಾರಿನ ಹಬೆಯನ್ನೇ ಕುಡಿದು ಕಾಳು ಅರಳುತ್ತದೆ. 2020ರಲ್ಲಿ ಅಲ್ಜೀರಿಯ, ಮೌರಿಟಾನಿಯ, ಟುನೀಶಿಯ, ಮೊರಾಕ್ಕೊ ನಾಲ್ಕೂ ಒಟ್ಟಾಗಿ ಇದನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿದವು. ಬೇರೆ ವಿಷಯಗಳಲ್ಲಿ ಮುಖ ನೋಡದ ನೆರೆಹೊರೆಯವರೂ ಇದಕ್ಕೆ ಕೂಡಿದರಂತೆ.

ಊಟ ಒಂದೇ ದೊಡ್ಡ ತಟ್ಟೆಯಿಂದ. "ಬಿಸ್ಮಿಲ್ಲಾ" ಎಂದು ಬಲಗೈಯಲ್ಲಿ ತಮ್ಮ ತಮ್ಮ ಮುಂದಿನ ಪಾಲನ್ನಷ್ಟೇ ಉಣ್ಣಬೇಕು. ನಡುವಿನ ಮಾಂಸವನ್ನು ಹಿರಿಯರು ಹಂಚುತ್ತಾರೆ. ನನಗೆ ಶುಕ್ರವಾರ ಮಾಂಸ ಕೂಡದು ಎಂದು ಮೊದಲ ವಾರವೇ ಹೇಳಿದೆ. ಲಲ್ಲಾ ಕಾರಣ ಕೇಳಲಿಲ್ಲ, ಕುಂಬಳಕಾಯಿ, ಗಜ್ಜರಿ, ಕಡಲೆಯನ್ನೆಲ್ಲ ನನ್ನ ಕಡೆಗೆ ತಳ್ಳಿಬಿಟ್ಟಳು. ಈಗ ಅಜ್ಜಿಗೆ ಓದಬಾರದ ಸಾಲು: ಆ ತರಕಾರಿ ಬೆಂದಿದ್ದು ಮಾಂಸದ ಸಾರಿನಲ್ಲೇ. ಮುಂದಕ್ಕೆ ಓದು.

ಸೊಸೆಗೆ ತನ್ನ ಊರಿನ ಬಸ್ತಿಯಾ ಮುಂದೆ ಬೇರೆಲ್ಲ ಹಳ್ಳಿ ಊಟ. ಅದು ಕಾಗದದಷ್ಟು ತೆಳುವಾದ ಹಾಳೆಗಳ ನಡುವೆ ಪಾರಿವಾಳದ ಮಾಂಸ, ಮೊಟ್ಟೆ, ಬಾದಾಮಿ ಇಟ್ಟು ಮಾಡುವ ಕಡುಬು. ಮೇಲೆ ಸಕ್ಕರೆ ಪುಡಿ, ದಾಲ್ಚಿನ್ನಿ! ಮಾಂಸಕ್ಕೆ ಸಕ್ಕರೆ ಉದುರಿಸುವುದನ್ನು ನಾನು ಬಾಯಿ ತೆರೆದು ನೋಡಿದೆ. ಅವಳೂ ಅಷ್ಟೇ, ಎಳ್ಳಿಗೆ ಬೆಲ್ಲ ಬೆರೆಸಿ ಬೀದಿಯವರಿಗೆಲ್ಲ ಹಂಚುತ್ತೇವೆ ಎಂದಾಗ ಹುಬ್ಬೇರಿಸಿದಳು. ಬಸ್ತಿಯಾ ಚೆನ್ನಾಗಿತ್ತು, ಆದರೆ ಎರಡನೆಯ ತುಂಡು ನನ್ನಿಂದಾಗಲಿಲ್ಲ.

ಅವಳಿಗೆ ನವೆಂಬರಿನಲ್ಲಿ ಹೆರಿಗೆಯಾಯಿತು. ಆಗ ಮಾಡಿದ್ದು ರಫೀಸಾ: ಪದರು ಪದರಾದ ರೊಟ್ಟಿಯನ್ನು ಹರಿದು ಹಾಸಿ, ಅದರ ಮೇಲೆ ಕೋಳಿ, ಚೆನ್ನಂಗಿ ಬೇಳೆ, ನೆನೆಸಿದ ಮೆಂತ್ಯದ ಸಾರು. ಬಾಣಂತಿಗೆ ಮೈ ಕಾವೇರಲು, ಹಾಲು ಇಳಿಯಲು ಮೆಂತ್ಯ ಬೇಕಂತೆ. ಮೆಂತ್ಯದ ವಾಸನೆ ಮಹಡಿಗೆ ಏರಿದಾಗ ನಾನು ಕೆಲಸದ ಲೆಕ್ಕ ಬಿಟ್ಟು ಕೆಳಗೆ ಓಡಿದೆ. ಅಕ್ಕನ ಬಾಣಂತನದಲ್ಲಿ ನೀನು ಕಟ್ಟಿದ ಮೆಂತ್ಯದುಂಡೆಯ ವಾಸನೆ ಅದು.

ತಮ್ಮನಿಗೆ ಒಂದು ಮಾತು. ಮರಾಕೆಶ್‌ನಲ್ಲಿ ತಂಜಿಯಾ ಎಂಬ ಅಡುಗೆಯನ್ನು ಗಂಡಸರೇ ಮಾಡುತ್ತಾರೆ. ಮಣ್ಣಿನ ಹೂಜಿಗೆ ಮಾಂಸ, ಬೆಳ್ಳುಳ್ಳಿ, ಜೀರಿಗೆ, ಉಪ್ಪಿನಲ್ಲಿ ಹಾಕಿಟ್ಟ ನಿಂಬೆ ತುಂಬಿ, ಬಾಯಿ ಕಟ್ಟಿ, ಸಾರ್ವಜನಿಕ ಸ್ನಾನಗೃಹದ ಒಲೆಯವನಿಗೆ ಕೊಟ್ಟು ಕೆಲಸಕ್ಕೆ ಹೋಗುತ್ತಾರೆ. ಅವನು ಬಿಸಿಬೂದಿಯಲ್ಲಿ ಹೂತಿಡುತ್ತಾನೆ, ಗಂಟೆಗಟ್ಟಲೆ ಬೇಯುತ್ತದೆ. "ಅಡುಗೆ ಗೊತ್ತಿಲ್ಲ" ಎನ್ನುವ ನೆಪ ತಮ್ಮನಿಗೆ ಇನ್ನು ಇಲ್ಲ.

ಇಷ್ಟೆಲ್ಲ ಬರೆದಿದ್ದು ಕಳೆದ ಸೋಮವಾರ ರಾತ್ರಿಯ ಸಂಗತಿಗೆ ಬರಲು. ನೀವಲ್ಲಿ ಸಂಕ್ರಾಂತಿಗೆ ಕಬ್ಬು ತರುತ್ತಿದ್ದಾಗ ಇಲ್ಲಿ ಅಮಾಜಿಘರ ಹೊಸ ವರ್ಷ, ಯನ್ನಾಯೆರ್. ಅವರ ಲೆಕ್ಕದಲ್ಲಿ ಇದು 2975. ಹಿಂದಿನಿಂದಲೂ ಮನೆಮನೆಯಲ್ಲಿ ನಡೆಯುತ್ತಿದ್ದ ಹಬ್ಬಕ್ಕೆ ಸರ್ಕಾರಿ ರಜೆ ಸಿಕ್ಕಿದ್ದು 2023ರ ರಾಜಾಜ್ಞೆಯ ನಂತರವಷ್ಟೇ. ಆ ರಾತ್ರಿಯ ಅಡುಗೆ ತಗುಲ್ಲಾ. ಲಲ್ಲಾ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಉಪ್ಪು ಹಾಕಿ, ಜವೆಗೋಧಿಯ ನುಚ್ಚು ಸುರಿದು, ಮರದ ಕೋಲಿನಿಂದ ತಿರುವತೊಡಗಿದಳು. ಗಂಟಾಗದಂತೆ, ತಳ ಹಿಡಿಯದಂತೆ, ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು! ನಾನು ಹೋಗಿ ಕೋಲು ಕಿತ್ತುಕೊಂಡೆ. ಎರಡು ಸುತ್ತು ತಿರುವಿದ್ದನ್ನು ನೋಡಿ ಆಕೆ ಸೊಸೆಯ ಕಡೆಗೆ ಒಂದು ನೋಟ ಹರಿಸಿದಳು. ಪಾಪ, ಫೆಸ್‌ನವಳಿಗೆ ಹಿಟ್ಟು ತಿರುವುವುದು ಎಲ್ಲಿಂದ ಬರಬೇಕು?

ಇಲ್ಲಿ ಮಳೆ ಕಡಿಮೆ. ನಾವು ಹನಿ ನೀರಾವರಿಯಲ್ಲಿ ಬೆಳೆಯುವ ಟೊಮೆಟೊ ಯುರೋಪಿಗೆ ಹೋಗುತ್ತದೆ. ಈ ಹಳ್ಳಿಗಳ ಹೊಟ್ಟೆ ತುಂಬಿಸುತ್ತಾ ಬಂದಿದ್ದು ಜವೆಗೋಧಿ, ನಮ್ಮ ಬೆದ್ದಲಿನಲ್ಲಿ ರಾಗಿ ಇದ್ದಂತೆ. ಆದರೆ ತಗುಲ್ಲಾವನ್ನು ಉಂಡೆ ಕಟ್ಟುವುದಿಲ್ಲ. ತಟ್ಟೆಯಲ್ಲಿ ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ, ಅರ್ಗಾನ್ ಎಣ್ಣೆ ಹೊಯ್ಯುತ್ತಾರೆ. ಅರ್ಗಾನ್ ಈ ಭಾಗದ ಮುಳ್ಳುಮರ. ಆಡುಗಳು ಕೊಂಬೆ ಏರಿ ಅದರ ಹಣ್ಣು ತಿನ್ನುತ್ತವೆ ಎಂದರೆ ಅಪ್ಪ ನಂಬುವುದಿಲ್ಲ, ಫೋಟೊ ಕಳಿಸುತ್ತೇನೆ. ಹೆಂಗಸರು ಕಲ್ಲಿನ ಮೇಲೆ ಬೀಜ ಒಡೆದು, ತಿರುಳು ಹುರಿದು ಬೀಸಿ ತೆಗೆಯುವ ಎಣ್ಣೆ. ಹುರಿದ ಶೇಂಗಾಕ್ಕೂ ಎಳ್ಳಿಗೂ ನಡುವಿನ ಪರಿಮಳ.

ಈ ತಗುಲ್ಲಾದೊಳಗೆ ಒಂದು ಖರ್ಜೂರದ ಬೀಜ ಅಡಗಿಸುತ್ತಾರೆ. ಸಿಕ್ಕವರಿಗೆ ವರ್ಷವಿಡೀ ಅದೃಷ್ಟ. ತಟ್ಟೆ ಬರಿದಾಯಿತು, ಬೀಜ ಯಾರಿಗೂ ಸಿಗಲಿಲ್ಲ. ಆಗ ಲಲ್ಲಾ ನನ್ನನ್ನೇ ದಿಟ್ಟಿಸಿದಳು. ಅವರೆಲ್ಲ ಅಗಿಯುತ್ತಿದ್ದರು, ನಾನೊಬ್ಬಳೇ ಅಜ್ಜಿ ಕಲಿಸಿದಂತೆ ಅದ್ದಿ ಅದ್ದಿ ನುಂಗುತ್ತಿದ್ದೆ! ನನ್ನ ಹೊಟ್ಟೆಯ ಬಗ್ಗೆ ಎರಡು ಭಾಷೆಗಳಲ್ಲಿ ಪಂಚಾಯಿತಿ ನಡೆಯಿತು. ಕೊನೆಗೆ ಆರು ವರ್ಷದ ಮೊಮ್ಮಗನ ಮುಷ್ಟಿ ಬಿಡಿಸಿದಾಗ ಬೀಜ ಹೊರಬಂತು. ಮೊದಲ ತುತ್ತಿಗೇ ಸಿಕ್ಕಿತ್ತಂತೆ, ತೋರಿಸಿದರೆ ಕಿತ್ತುಕೊಳ್ಳುತ್ತಾರೆಂದು ಬಚ್ಚಿಟ್ಟಿದ್ದ.

ಮಾರ್ಚ್ ಮೊದಲಿಗೆ ರಂಜಾನ್. ನಮ್ಮ ಕೆಲಸದ ಕಡೆಯ ಒಬ್ಬರು ಅದಕ್ಕೂ ಮುಂಚೆ ಬೆಂಗಳೂರಿನಿಂದ ಹೊರಡುತ್ತಾರೆ. ಅವರ ಕೈಯಲ್ಲಿ ಎರಡು ಕಿಲೋ ರಾಗಿಹಿಟ್ಟು ಕಳಿಸು, ಬೀಸಿದ್ದು ಹೊಸದಿರಲಿ. ಹುರುಳಿಕಾಳೂ ಸ್ವಲ್ಪ ಇರಲಿ. ಕೋಲು ಬೇಡ, ಇಲ್ಲೇ ಇದೆ.

ನಿನ್ನ ಮಗಳು