ಕಾರ್ಡ್ ಕ್ಲಬ್ಬಿಗೆ ಬೀಗ ಬೇಡ

ಮಾನ್ಯ ಸಂಪಾದಕರೇ,

ಕಾಲೇಜುಗಳಲ್ಲಿ ಟ್ರೇಡಿಂಗ್ ಕಾರ್ಡ್ ಆಟದ (ಚಿತ್ರದ ಕಾರ್ಡುಗಳನ್ನು ಕೊಂಡು, ಬದಲಾಯಿಸಿಕೊಂಡು, ಅವುಗಳಿಂದಲೇ ಇಬ್ಬರು ಎದುರುಬದುರು ಕೂತು ಆಡುವ ಆಟ) ಕ್ಲಬ್ಬುಗಳಿಗೆ ಅವಕಾಶ ಕೊಡಬಾರದು, ಅದು ಜೂಜಿನ ಮೊದಲ ಮೆಟ್ಟಿಲು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದಾರೆ. ಶಾಲೆಯಲ್ಲಿದ್ದಾಗ ಪೋಕೆಮಾನ್ ಕಾರ್ಡ್ ಆಡಿ, ಜೊತೆಗಾರರು ಚದುರಿದ ಮೇಲೆ ಬಿಟ್ಟು, ಈಗ ಎಂ.ಎಸ್ಸಿ. ಓದುವಾಗ ಕಾಲೇಜು ಕ್ಲಬ್ಬಿನಿಂದಾಗಿ ಮತ್ತೆ ಹಿಡಿದವಳು ನಾನು. ಅವರ ಆತಂಕದಲ್ಲಿ ಅರ್ಧ ನಿಜವಿದೆ. ಆದರೆ ಅದಕ್ಕೆ ಮದ್ದು ಇರುವುದೂ ಕ್ಲಬ್ಬಿನಲ್ಲೇ.

ಮುಚ್ಚಿದ ಪ್ಯಾಕೆಟ್ಟಿನೊಳಗೆ ಏನಿದೆ ಎಂದು ತಿಳಿಯದೆ ದುಡ್ಡು ಕೊಡುವುದು, ಹೊಳೆಯುವ ಅಪರೂಪದ ಕಾರ್ಡ್ ಬರಲಿಲ್ಲವೆಂದು ಇನ್ನೊಂದನ್ನು ಹರಿಯುವುದು ಲಾಟರಿ ಚಟಕ್ಕೆ ಹತ್ತಿರದ್ದೇ. ಮನೆಯಲ್ಲಿ ಒಬ್ಬರೇ ಕೂತವರಿಗೆ ಈ ಹವ್ಯಾಸದಲ್ಲಿ ಉಳಿಯುವುದು ಅದೊಂದೇ. ಆಡೋಣವೆಂದರೆ ಎದುರಿಗೆ ಯಾರಿರುತ್ತಾರೆ?

ಕ್ಲಬ್ಬಿಗೆ ನನ್ನ ಹಳೇ ಡಬ್ಬಿ ಹೊತ್ತು ಹೋದೆ. ಸೀನಿಯರ್ ಒಬ್ಬ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ, ಕೆಳಗಿನ ಎಡ ಮೂಲೆ ನೋಡಿ, ಪಕ್ಕಕ್ಕಿಡುತ್ತ ಹೋದ. ಈಗಿನ ಕಾರ್ಡುಗಳ ಆ ಮೂಲೆಯಲ್ಲಿ ಪುಟ್ಟದೊಂದು ಇಂಗ್ಲಿಷ್ ಅಕ್ಷರವಿರುತ್ತದೆ. ಸ್ಟ್ಯಾಂಡರ್ಡ್ ಪಂದ್ಯಕ್ಕೆ, ಅಂದರೆ ಈಚಿನ ಕಾರ್ಡುಗಳಿಂದ ಆಡುವ ಪಂದ್ಯಕ್ಕೆ, ಯಾವ ಕಾರ್ಡ್ ಸಲ್ಲುತ್ತದೆ ಎಂದು ಅದನ್ನು ನೋಡಿ ಹೇಳುತ್ತಾರೆ; ಹಳೆಯ ಅಕ್ಷರಗಳನ್ನು ಕಾಲಕಾಲಕ್ಕೆ ಕೈಬಿಡುತ್ತಾರೆ. ನನ್ನವುಗಳಲ್ಲಿ ಅಕ್ಷರವೇ ಇರಲಿಲ್ಲ. ಕೊನೆಗೆ ಚಲಾವಣೆಯಲ್ಲಿ ಉಳಿದದ್ದು ಪೋಕೆಮಾನ್‌ಗಳಿಗೆ ದಾಳಿ ಮಾಡಲು ಶಕ್ತಿ ತುಂಬುವ ಬೇಸಿಕ್ ಎನರ್ಜಿ ಕಾರ್ಡುಗಳು ಮಾತ್ರ. ಅದರಲ್ಲೂ ಗುಲಾಬಿ ಬಣ್ಣದ ಫೇರಿ ಎನರ್ಜಿ ಹೊರಗೆ. 2020ರ ಸ್ವೋರ್ಡ್ ಆ್ಯಂಡ್ ಶೀಲ್ಡ್ ಸರಣಿಯಿಂದ ಆ ಬಗೆಯನ್ನೇ ನಿಲ್ಲಿಸಿಬಿಟ್ಟಿದ್ದಾರೆ. ನನಗೆ ಅಚ್ಚುಮೆಚ್ಚಾಗಿದ್ದದ್ದು ಅದೇ. (ಆ ಸಿಟ್ಟು ಇನ್ನೂ ಇಳಿದಿಲ್ಲ, ಇರಲಿ.)

ಹಾಗಂತ ಹೊಸ ಪ್ಯಾಕೆಟ್ ತಗೋ ಎಂದು ಯಾರೂ ಅನ್ನಲಿಲ್ಲ. ಕ್ಲಬ್ಬಿನ ಕಪಾಟಿನಲ್ಲಿ ಎರವಲು ಕೊಡಲೆಂದೇ ಡೆಕ್ಕುಗಳಿವೆ, ಅಂದರೆ ಆಡಲು ಜೋಡಿಸಿಟ್ಟ ಕಾರ್ಡಿನ ಕಟ್ಟುಗಳು. ಬೇಕಾದ ಕಾರ್ಡ್ ಇಲ್ಲದವರು ಅದರ ಹೆಸರು, ವಿವರ ಬರೆದ ಕಾಗದದ ಚೂರನ್ನು ಬೇರೊಂದು ಕಾರ್ಡಿನ ಮುಂದಿಟ್ಟು ಸ್ಲೀವಿಗೆ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವಚ) ತೂರಿಸಿ ಆಡುತ್ತಾರೆ. ಅಧಿಕೃತ ಟೂರ್ನಿಯಲ್ಲಿ ಇದು ನಡೆಯದು, ನಮ್ಮ ಮೇಜಿನ ಮೇಲೆ ನಡೆಯುತ್ತದೆ. ಬೇಕಾದ ಕಾರ್ಡನ್ನು ಬಿಡಿಯಾಗಿ ತಗೋ, ಇಲ್ಲವೇ ಯಾರೊಂದಿಗಾದರೂ ಬದಲಾಯಿಸಿಕೋ, ಪ್ಯಾಕೆಟ್ ಹರಿದು ಹುಡುಕಬೇಡ ಎಂಬುದು ಹೊಸಬರಿಗೆ ಅಲ್ಲಿ ಮೊದಲು ಸಿಗುವ ಬುದ್ಧಿಮಾತು. ಹಣ ಕಟ್ಟಿ ಆಡುವ ಮಾತಂತೂ ಇಲ್ಲವೇ ಇಲ್ಲ.

ಇನ್ನು ಅದೃಷ್ಟ. ಆಟದಲ್ಲಿ ಅದೂ ಇದೆ, ಆದರೆ ಲೆಕ್ಕಕ್ಕೆ ಸಿಗುವಂಥದ್ದು. ಡೆಕ್ಕಿನಲ್ಲಿ 60 ಕಾರ್ಡ್. ಬೇಸಿಕ್ ಎನರ್ಜಿ ಬಿಟ್ಟರೆ ಒಂದೇ ಹೆಸರಿನವು 4ಕ್ಕಿಂತ ಹೆಚ್ಚು ಇರುವಂತಿಲ್ಲ. ನಾಲ್ಕನ್ನೂ ಹಾಕಿಕೊಂಡರೂ ಮೊದಲು ಎತ್ತಿಕೊಳ್ಳುವ 7 ಕಾರ್ಡುಗಳಲ್ಲಿ ಅವುಗಳ ಪೈಕಿ ಒಂದಾದರೂ ಬರುವ ಸಂಭವ ಶೇ 40ರಷ್ಟೇ. ಒಂದೇ ಪ್ರತಿ ಇಟ್ಟುಕೊಂಡಿದ್ದರೆ, ಅದು ಆಟದ ಆರಂಭದಲ್ಲೇ ಬೋರಲಾಗಿ ಪಕ್ಕಕ್ಕಿಟ್ಟು, ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ಎತ್ತಿಕೊಳ್ಳುವ 6 ಪ್ರೈಜ್ ಕಾರ್ಡುಗಳ ನಡುವೆ ಸೇರಿಹೋಗಿರುವ ಸಂಭವ ಹತ್ತರಲ್ಲೊಂದು. ಆಟ ಬಲ್ಲವರು ಡೆಕ್ಕಿನಲ್ಲಿ ಹುಡುಕುವ ಮೊದಲ ಅವಕಾಶ ಸಿಕ್ಕ ಕೂಡಲೇ ಅಲ್ಲಿ ಯಾವುದು ಕಾಣುತ್ತಿಲ್ಲ ಎಂದು ನೋಡಿ, ಪ್ರೈಜಿನಲ್ಲಿ ಸಿಕ್ಕಿಬಿದ್ದಿರುವುದು ಯಾವುದೆಂದು ಲೆಕ್ಕ ಹಾಕಿಬಿಡುತ್ತಾರೆ. ಗಣಿತ ಓದುವ ನಾನು ಇದನ್ನು ಇನ್ನೂ ಬೆರಳು ಮಡಚಿ ಎಣಿಸಬೇಕು. ಎದುರು ಕೂರುವ ಪದವಿ ಮೊದಲ ವರ್ಷದ ಹುಡುಗಿ ಹಾಡು ಗುನುಗುತ್ತಲೇ ಮುಗಿಸುತ್ತಾಳೆ. ಅವಳು ಇತಿಹಾಸದ ವಿದ್ಯಾರ್ಥಿನಿ.

ಕ್ಲಬ್ಬಿನ ಕೋಣೆಯಲ್ಲಿ ಮುಚ್ಚಿದ ಪ್ಯಾಕೆಟ್ ಮಾರಬಾರದು ಎಂದು ಆ ಓದುಗರು ಕೇಳುವುದಾದರೆ ನಾನೂ ಸಹಿ ಹಾಕುತ್ತೇನೆ. ತರಗತಿ ಮುಗಿದ ಮೇಲೆ ಹೇಗೂ ಖಾಲಿ ಬೀಳುವ ಕೋಣೆ, ನಾಲ್ಕು ಮೇಜು, ಎರವಲು ಡೆಕ್ಕುಗಳ ಆ ಕಪಾಟು, ಇಷ್ಟನ್ನು ನಮಗೆ ಬಿಡಲಿ.

ಇತಿ,
ಎಂ.ಎಸ್ಸಿ. ಗಣಿತ ವಿದ್ಯಾರ್ಥಿನಿ