ರೈಲು ಬಾರದ ಸೇತುವೆ

ನಮ್ಮ ಕನ್ನಡ ಬಳಗದ ಪತ್ರಿಕೆಯ ಈ ಸಂಚಿಕೆಯನ್ನು ಕಳುಹಿಸಬೇಕಾದ ದಿನ ನಿನ್ನೆಯೇ ಕಳೆದಿದೆ. ಈಗ ರಾತ್ರಿ ಹನ್ನೊಂದೂವರೆ, ಸಿಂಕಿನಲ್ಲಿ ಪಾತ್ರೆ ಹಾಗೆಯೇ ಇದೆ. ದಸರೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಓದಿ ನೋಡಿದರೆ ಹೋದ ವರ್ಷದ್ದೇ, ಅಳಿಸಿದೆ.

ಹೋದ ಭಾನುವಾರ ನಾವು ಏಳು ಮನೆಯವರು ಫೆರಿ ಹತ್ತಿ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪಕ್ಕೆ ಹೋಗಿ, ಶಾನಿಗನ್ ಲೇಕ್ ಹತ್ತಿರದ ಕಿನ್ಸೋಲ್ ಟ್ರೆಸಲ್ ನೋಡಿ ಬಂದೆವು. ಹಳೆಯ ಮರದ ರೈಲು ಸೇತುವೆ. 44 ಮೀಟರ್ ಎತ್ತರ, 187 ಮೀಟರ್ ಉದ್ದ, ಅದೂ ಬಿಲ್ಲಿನಂತೆ ಬಾಗಿದೆ. ಕೆಳಗಿಳಿದು ನದಿಯ ಬದಿಯಿಂದ ನೋಡಿದರೆ, ಯಾರೋ ಚಪ್ಪರ ಹಾಕಲು ಹೊರಟವರು ನಿಲ್ಲಿಸುವುದನ್ನೇ ಮರೆತು ಗಳದ ಮೇಲೆ ಗಳ ಕಟ್ಟುತ್ತಲೇ ಹೋದಂತೆ ಕಾಣುತ್ತದೆ. ಕಾಡಿನ ಮರ ಸಾಗಿಸಲೆಂದು 1911ರಲ್ಲಿ ಕೆಲಸ ಹಿಡಿದು 1920ರಲ್ಲಿ ಮುಗಿಸಿದರು. ಸಮೀಪದ ಕಿಂಗ್ ಸಾಲೊಮನ್ ಗಣಿಯ ಹೆಸರನ್ನು ಮೊಟಕು ಮಾಡಿದರೆ ಕಿನ್ಸೋಲ್. ಕೊನೆಯ ರೈಲು ದಾಟಿದ್ದು 1979ರಲ್ಲಿ. ಆಮೇಲೆ ಮರ ಶಿಥಿಲವಾಯಿತು, ಕೆಡವುವ ಮಾತೂ ಬಂತು. ಊರಿನವರು ಬಿಡಲಿಲ್ಲ. ಚಂದಾ ಎತ್ತಿದರು, ಓಡಾಡಿದರು. 2011ರಿಂದ ಅದು ನಡೆಯುವವರ, ಸೈಕಲ್ಲಿನವರ ದಾರಿ.

ಸೇತುವೆಯ ಮೇಲೆ ಅಲ್ಲಲ್ಲಿ ನಿಂತು ನೋಡಲು ಬದಿಗೆ ಚಾಚಿದ ಕಟ್ಟೆಗಳಿವೆ. ನಾನು ಪ್ರತಿಯೊಂದರಲ್ಲೂ ನಿಲ್ಲುತ್ತಿದ್ದೆನಂತೆ. ಮಗಳು ಕೇಳಿದಳು: "ಅಪ್ಪಾ, ನೀನು ಕೆಳಗೆ ನೋಡುತ್ತಲೇ ಇಲ್ಲ, ಏನನ್ನೋ ಕೇಳಿಸಿಕೊಳ್ಳುತ್ತಿದ್ದೀಯ. ಇಲ್ಲಿ ರೈಲು ಬರುವುದಿಲ್ಲವಲ್ಲ?"

ಅದೇ 1979ರಲ್ಲಿ ನಮ್ಮ ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ ಪೂರ್ತಿಯಾಗಿತ್ತು. 1996ರಲ್ಲಿ ಸಕಲೇಶಪುರದಿಂದ ಕೆಳಗೆ ಘಾಟಿಯಲ್ಲಿ ರೈಲು ನಿಂತಿತು, ಹಳಿ ಅಗಲಿಸುವ ಬ್ರಾಡ್ ಗೇಜ್ ಕೆಲಸ ವರ್ಷಗಟ್ಟಲೆ ಎಳೆಯಿತು. ಆ ಕಾಲದಲ್ಲಿ ಕಾಲೇಜಿನ ರಜೆಗೆ ಬಂದಿದ್ದ ನನ್ನನ್ನು ಮಾವ ಆ ಘಾಟಿಯ ದೋಣಿಗಾಲಿನಿಂದ ಎಡಕುಮೇರಿಯ ಕಡೆ ಹಳಿಯ ಮೇಲೆ ನಡೆಸಿಕೊಂಡು ಹೋಗಿದ್ದರು. ಅವರು ಅದೇ ದಾರಿಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು. ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಇಂಬಳಕ್ಕೆಂದು ಸುಣ್ಣ, ಸುರಂಗಕ್ಕೆ ಮೂರು ಸೆಲ್ಲಿನ ಟಾರ್ಚು. ಸೇತುವೆಗಳ ಮೇಲೆ ಸ್ಲೀಪರ್‌ಗಳ ನಡುವಿನ ಸಂದಿಯಲ್ಲಿ ಕೆಳಗಿನ ಹೊಳೆ ಬೆಳ್ಳಗೆ ಕಾಣುತ್ತಿತ್ತು. ನನ್ನ ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಮಾವ ಮಾತ್ರ ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದರು. ಆದರೆ ಸೇತುವೆಯ ಬದಿಯಲ್ಲಿ ಕೆಲಸಗಾರರು ರೈಲಿಗೆ ಸರಿದು ನಿಲ್ಲಲು ಮಾಡಿದ ಕಬ್ಬಿಣದ ಚೌಕಟ್ಟು ಬಂದಾಗಲೆಲ್ಲ ಅದರೊಳಗೆ ಹೋಗಿ ನಿಂತು, ಚೀಲ ಎದೆಗೆ ಒತ್ತಿಕೊಂಡು, ಕಿವಿಗೊಡುತ್ತಿದ್ದರು. "ರೈಲು ನಿಂತು ಎಷ್ಟು ಕಾಲವಾಯಿತು ಮಾವ" ಎಂದೆ. "ಗೊತ್ತು, ಬಾ ಒಳಗೆ" ಎಂದರು. ನಾನೂ ಹೋಗಿ ನಿಂತೆ. ಜೀರುಂಡೆ, ನೀರು, ಅಷ್ಟೇ.

ಈಗ ಅಲ್ಲಿ ಮತ್ತೆ ರೈಲು ಓಡುತ್ತಿದೆ, ಹಳಿಯ ಮೇಲೆ ನಡೆಯುವಂತಿಲ್ಲ. ಮಾವನೂ ಇಲ್ಲ.

ಜಾಗ ಮುಗಿಯುತ್ತಾ ಬಂತು, ಪ್ರಕಟಣೆಗಳು: ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಮಕ್ಕಳ ಹೆಸರು ಈ ತಿಂಗಳ ಕೊನೆಯೊಳಗೆ ಕೊಡಿ, ವೇದಿಕೆಯ ಬಳಿ ಬಂದು ಕೊಡಬೇಡಿ. ಊಟಕ್ಕೆ ಬಿಸಿಬೇಳೆಬಾತ್ ಜವಾಬ್ದಾರಿ ಇನ್ನೂ ಯಾರೂ ಹೊತ್ತಿಲ್ಲ. ಕನ್ನಡ ತರಗತಿ ಗ್ರಂಥಾಲಯದ ಕೆಳಮಹಡಿಗೆ ಬದಲಾಗಿದೆ. ಗಣೇಶ ಹಬ್ಬದಂದು ಉಳಿದ ಎರಡು ಸ್ಟೀಲ್ ಡಬ್ಬಿ, ಒಂದು ಸೌಟು ನಮ್ಮ ಮನೆಯಲ್ಲಿವೆ.

ಇನ್ನೊಂದು ಮಾತು. ಈ ಪತ್ರಿಕೆಯನ್ನು ಆರು ವರ್ಷದಿಂದ ಒಬ್ಬನೇ ಹೊರಡಿಸುತ್ತಿದ್ದೇನೆ. ಪುಟ ಜೋಡಿಸಲು ಬರದಿದ್ದರೂ ಚಿಂತೆಯಿಲ್ಲ, ಒತ್ತು–ದೀರ್ಘ ತಿದ್ದುವ ಒಬ್ಬರು ಸಿಕ್ಕರೆ ಸಾಕು. ಡಬ್ಬಿ ತೆಗೆದುಕೊಂಡು ಹೋಗಲು ಬಂದವರನ್ನೇ ಮೊದಲು ಹಿಡಿಯುವ ಯೋಚನೆಯಿದೆ.