ಡ್ರೈವರ್ ದಡ ಸೇರಿತು: ಅಕ್ಕನಿಗೆ, ಮತ್ತೆ ಎಲ್ಲರಿಗೆ

2.5 ಗಿಗಾಬಿಟ್ ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನಿಂದ ಅದರ ಬಳಗದ ಫ್ರೀಬಿಎಸ್‌ಡಿಗೆ ಬಂದು ನೆಟ್ಟಗೆ ನಿಂತಿದೆ. ಪಿಸಿಯಲ್ಲೂ ಎಆರ್‌ಎಂ ಬೋರ್ಡಿನಲ್ಲೂ 24 ಗಂಟೆ ಬಿಡದೆ, ಜಾಲದ ವೇಗ ಅಳೆಯುವ ಐಪರ್ಫ್ ಓಡಿಸಿದೆವು. ಸೆಕೆಂಡಿಗೆ 2.35 ಗಿಗಾಬಿಟ್ ಬಂತು, ರಿಂಗ್ (ಕಾರ್ಡೂ ಡ್ರೈವರೂ ಪ್ಯಾಕೆಟ್ ದಾಟಿಸಿಕೊಳ್ಳುವ, ಸುತ್ತಿ ಬರುವ ಸಾಲು) ಒಂದು ಸಲವೂ ನಿಲ್ಲಲಿಲ್ಲ. 1500 ಬೈಟಿನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) ಇಟ್ಟುಕೊಂಡರೆ ಈ ತಂತಿಯಲ್ಲಿ ಟಿಸಿಪಿ ಇದಕ್ಕಿಂತ ಜಾಸ್ತಿ ಹರಿಯುವುದಿಲ್ಲ. ಯಾಕೆ ಶುರು ಮಾಡಿದೆವು, ಎಲ್ಲೆಲ್ಲಿ ತಡವಾಯಿತು ಅನ್ನುವುದು ಜೊತೆಗಿದ್ದವರಿಗೆ ಗೊತ್ತೇ ಇದೆ. ಇಲ್ಲಿ ಹೇಳಬೇಕಾದ್ದು ಯಾರ ಋಣ ಎಷ್ಟು ಎಂಬುದನ್ನು.

ಮೂಲ ಬರೆದವರದು ಮೊದಲು. ರಿಯಲ್‌ಟೆಕ್ 8125 ಚಿಪ್ಪಿಗೆ 2019ರಲ್ಲಿ ಓಪನ್‌ಬಿಎಸ್‌ಡಿಯ ಆರ್‌ಜಿಇ ಡ್ರೈವರ್ ಬರೆದವರು ಕೆವಿನ್ ಲೋ. ಅದರ ಲೈಸೆನ್ಸ್ ಉದಾರ. ಫೈಲಿನ ತಲೆಯಲ್ಲಿರುವ ಹಕ್ಕುಸ್ವಾಮ್ಯದ ಸಾಲುಗಳನ್ನು ಹಾಗೇ ಉಳಿಸಿಕೊಂಡರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಲಿನಕ್ಸ್‌ನ ಆರ್8169 ಡ್ರೈವರ್ ಜಿಪಿಎಲ್ ಎಂಬ ಬಿಗಿ ಲೈಸೆನ್ಸಿನದ್ದು. ಓದಿ ಚಿಪ್ಪಿನ ನಡವಳಿಕೆ ಅರ್ಥ ಮಾಡಿಕೊಳ್ಳಬಹುದೇ ಹೊರತು ಅದರಿಂದ ಸಾಲು ಎತ್ತಿ ಇಲ್ಲಿ ಅಂಟಿಸುವಂತಿಲ್ಲ. ಇನ್ನು ನೆಟ್‌ಬಿಎಸ್‌ಡಿಯಲ್ಲಿ ಬಸ್-ಡಿಎಂಎ, ಅಂದರೆ ಸಾಧನಗಳು ನೇರವಾಗಿ ಮೆಮೊರಿ ಬಳಸುವುದನ್ನು ನೋಡಿಕೊಳ್ಳುವ ಪದರ, ಕಟ್ಟಿದ ಜೇಸನ್ ಥೋರ್ಪ್. ಆ ವಿನ್ಯಾಸ ಓಪನ್‌ಬಿಎಸ್‌ಡಿಯಲ್ಲೂ ಇದೆ, ಫ್ರೀಬಿಎಸ್‌ಡಿಯಲ್ಲೂ ಇದೆ ಅನ್ನುವ ಕಾರಣಕ್ಕೇ ಇಂಥ ಕೆಲಸ ಕೈಗೆಟುಕುತ್ತದೆ. ಹೆಸರು ಒಂದೇ ಆದರೂ ನಡತೆ ಒಂದೇ ಅಲ್ಲ. ನಾವು ಮುಗ್ಗರಿಸಿದ್ದು ಅಲ್ಲೇ.

ಪಿಸಿಯಲ್ಲಿ ಎಲ್ಲ ಸರಿಯಿತ್ತು. ಎಆರ್‌ಎಂ ಬೋರ್ಡಿಗೆ ಹಾಕಿದ ರಾತ್ರಿ ಐಪರ್ಫ್ ನಾಲ್ಕೈದು ಸೆಕೆಂಡ್ ಓಡಿ ನಿಂತಿತು. ಇಂಟರಪ್ಟ್ (ಕಾರ್ಡ್ ಸಿಪಿಯುವನ್ನು ಕರೆಯುವ ಸಂಕೇತ) ಎಣಿಕೆ ಏರುತ್ತಿದೆ, ಪ್ಯಾಕೆಟ್ ಮಾತ್ರ ಮೇಲಕ್ಕೆ ಬರುತ್ತಿಲ್ಲ. ಬೋರ್ಡ್ ಇದ್ದದ್ದು ಶಿವಮೊಗ್ಗದಲ್ಲಿ, ಅಕ್ಕನ ಮೇಜಿನ ಮೇಲೆ. ಆ ಬೋರ್ಡಿನ ಸಂದೇಶಗಳನ್ನು ಕೇಬಲ್ ಮೂಲಕ ಓದುವ ಸೀರಿಯಲ್ ಕನ್ಸೋಲ್ 15 ಲಕ್ಷ ಬಾಡ್ ವೇಗದ್ದು, ಅಗ್ಗದ ಕೇಬಲ್‌ಗಳು ಆ ವೇಗ ತಡೆಯುವುದಿಲ್ಲ. ಮೂರನೇ ಕೇಬಲ್‌ನಲ್ಲಿ ಅಕ್ಷರ ಸ್ವಚ್ಛವಾಗಿ ಬಂತು. ಅಷ್ಟು ಹೊತ್ತಿಗೆ ಹನ್ನೊಂದೂವರೆ. ಎರಡು ಗಂಟೆಗೆ ನಮ್ಮಲ್ಲಿ ಹೆಚ್ಚಿನವರು ಕೈಚೆಲ್ಲಿದ್ದೆವು. ಅಷ್ಟು ದಿನದ ಕೆಲಸ ಪೂರ್ತಿ ಸುಳ್ಳು ಅನ್ನಿಸಿಬಿಟ್ಟಿತ್ತು, ಮಾತೇ ಹೊರಡುತ್ತಿರಲಿಲ್ಲ. ಅಕ್ಕ ಮಾತ್ರ ಫೋನ್ ಇಡಲಿಲ್ಲ. "ಸುಮ್ನೆ ಪಿಂಗ್ ಬಿಟ್ಟು ನೋಡ್ತೀನಿ, ನೀವು ಮಲ್ಕೊಳ್ರೋ" ಅಂದರು.

ಸುಮಾರು ಹದಿನೇಳು ನಿಮಿಷ ಕಳೆದ ಮೇಲೆ ಕಾರ್ಡ್ ತಾನಾಗಿಯೇ ಎದ್ದು, ಪಿಂಗ್‌ಗೆ ಬಂದ ಹಳೆಯ ಉತ್ತರಗಳನ್ನೆಲ್ಲ ಒಟ್ಟಿಗೆ ಉಗುಳಿತು. ಬೇರೆಯವರು ನೋಡಿದ್ದರೆ ನೆಟ್‌ವರ್ಕ್ ಕಾಟ ಅಂದುಕೊಂಡು ಬಿಡುತ್ತಿದ್ದರು. ಅಕ್ಕ ಲೆಕ್ಕ ಹಾಕಿದರು: ರಿಂಗಿನಲ್ಲಿ 1024 ಡಿಸ್ಕ್ರಿಪ್ಟರ್ (ಒಂದೊಂದು ಬಫರಿಗೆ ಒಂದೊಂದು ಚೀಟಿ), ಸೆಕೆಂಡಿಗೆ ಒಂದು ಪಿಂಗ್, ಅಂದರೆ ಸರಿಯಾಗಿ ಒಂದು ಸುತ್ತು. ಮತ್ತೆ ನಿಂತಾಗ ರಿಂಗನ್ನು ಪೂರ್ತಿ ಪ್ರಿಂಟ್ ಮಾಡಿಸಿದರು. ನಾವು ಕಾಯುತ್ತಿದ್ದ ಡಿಸ್ಕ್ರಿಪ್ಟರ್‌ನಲ್ಲಿ ಅದು ಸದ್ಯ ಯಾರದು ಎಂದು ಹೇಳುವ 'ಓನ್' ಬಿಟ್ ಇನ್ನೂ ಚಿಪ್ಪಿನ ಹೆಸರಿನಲ್ಲೇ ಇದೆ, ಅದರ ಮುಂದಿನವು ಮಾತ್ರ ತುಂಬಿ ನಮ್ಮ ಕಡೆ ಬಂದಿವೆ. ಚಿಪ್ ತುಂಬುವುದು ಸಾಲಾಗಿ, ನಡುವೆ ಒಂದನ್ನು ಬಿಟ್ಟು ಮುಂದೆ ಹಾರುವುದಿಲ್ಲ. "ಹಂಗಾದ್ರೆ ಆ ಬಿಟ್ಟನ್ನ ವಾಪಸ್ ಹಚ್ಚಿದೋರು ನಾವೇ" ಅಂದರು ಅಕ್ಕ.

ನಿಜವೇ ಆಗಿತ್ತು. ಆ ಬೋರ್ಡಿನಲ್ಲಿ ಪಿಸಿಐ ಸಾಧನ ಮೆಮೊರಿಗೆ ಬರೆದದ್ದು ಸಿಪಿಯು ತನ್ನ ಬಳಿ ಇಟ್ಟುಕೊಳ್ಳುವ ಪ್ರತಿಗೆ, ಅಂದರೆ ಕ್ಯಾಶ್‌ಗೆ, ತಾನಾಗಿ ತಿಳಿಯುವುದಿಲ್ಲ. ಕ್ಯಾಶ್ ಲೈನ್, ಅಂದರೆ ಅದು ಒಟ್ಟಿಗೆ ಸಾಗಿಸುವ ತುಂಡು, 64 ಬೈಟ್. ಡಿಸ್ಕ್ರಿಪ್ಟರ್ 16 ಬೈಟಿನದಾದರೆ ಒಂದು ಲೈನಿನಲ್ಲಿ ನಾಲ್ಕು, 32ರದಾದರೆ ಎರಡು. ನಾವು ಒಂದಕ್ಕೆ ಹೊಸ ಬಫರ್ ಕೊಟ್ಟು ಸಿಂಕ್ ಮಾಡಿದಾಗ ಇಡೀ ಲೈನ್ ಮೆಮೊರಿಗೆ ಹೋಗುತ್ತದೆ. ಅಷ್ಟರಲ್ಲಿ ಚಿಪ್ ಪಕ್ಕದ್ದನ್ನು ತುಂಬಿದ್ದರೆ ಅದರ ಮೇಲೆ ನಮ್ಮ ಹಳೇ ಪ್ರತಿ ಬೀಳುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಮೆಮೊರಿ ಪಡೆಯುವುದು ಒಂದು ಕರೆ, ಅದನ್ನು ಮ್ಯಾಪ್ ಮಾಡುವುದು ಇನ್ನೊಂದು. ಸಾಧನಕ್ಕೂ ಸಿಪಿಯುಗೂ ಒಂದೇ ಪ್ರತಿ ಕಾಣಲಿ ಎಂದು ಕೇಳುವ 'ಕೊಹೆರೆಂಟ್' ಫ್ಲ್ಯಾಗ್ ಇರುವುದು ಎರಡನೆಯದರಲ್ಲಿ. ಫ್ರೀಬಿಎಸ್‌ಡಿಯಲ್ಲಿ ಎರಡೂ ಒಂದೇ ಕರೆ. ಎರಡನ್ನು ಒಂದಾಗಿಸುವಾಗ ಫ್ಲ್ಯಾಗ್ ಉದುರಿಹೋಗಿತ್ತು. ಪಿಸಿಯಲ್ಲಿ ಹಾರ್ಡ್‌ವೇರೇ ಈ ಹೊಂದಾಣಿಕೆ ನೋಡಿಕೊಳ್ಳುವುದರಿಂದ ತಪ್ಪು ಕಾಣಿಸಿಕೊಂಡಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಒಂದು ಪದ ಸೇರಿಸಿದೆವು, ಐಪರ್ಫ್ ಓಡಿತು. ಅಕ್ಕ ಕಾಫಿಗೆ ನೀರಿಟ್ಟ ಸದ್ದು ಫೋನಿನಲ್ಲಿ ಕೇಳಿಸಿತು. ಅಕ್ಕ, ಆ ರಾತ್ರಿ ನೀವಿರದಿದ್ದರೆ ಈ ಡ್ರೈವರ್ ಇರುತ್ತಿರಲಿಲ್ಲ. ಇದನ್ನು ಹೇಗೆ ಹೇಳಿದರೂ ಕಡಿಮೆಯೇ.

ಟೈಮರ್‌ಗಳನ್ನು ಫ್ರೀಬಿಎಸ್‌ಡಿಯ ಕ್ಯಾಲ್‌ಔಟ್‌ಗೆ ಬದಲಿಸಿ, ಲಾಕ್ ಹಿಡಿದುಕೊಂಡೇ ಡ್ರೈನ್ (ಟೈಮರ್ ಕೆಲಸ ಮುಗಿಯುವವರೆಗೆ ಕಾಯುವ ಕರೆ) ಕರೆದರೆ ಮಾಡ್ಯೂಲ್ ತೆಗೆಯುವಾಗ ಸಿಸ್ಟಮ್ ಸಿಕ್ಕಿಬೀಳುತ್ತದೆ ಎಂದು ಎಚ್ಚರಿಸಿದ ಮೈಸೂರಿನ ಗೆಳೆಯರಿಗೆ, ಲಾಕ್ ತಪ್ಪುಗಳನ್ನು ಹಿಡಿಯುವ ವಿಟ್ನೆಸ್ ಹಾಕಿದ ಕರ್ನಲ್‌ನಲ್ಲೇ ಪರೀಕ್ಷಿಸಿ ಎಂದು ಪಟ್ಟು ಹಿಡಿದವರಿಗೆ, ಸ್ವಿಚ್ ಎರವಲು ಕೊಟ್ಟವರಿಗೆ ವಂದನೆ. ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲಗಳನ್ನು ಗುರುತಿಸುವ ವಿಲ್ಯಾನ್ ಟ್ಯಾಗಿನ ಎರಡು ಬೈಟ್ ಅದಲುಬದಲು ಮಾಡದಿದ್ದರೆ 100 ಎಂದು ಕಳಿಸಿದ್ದು 1024 ಆಗಿ ಹೊರಡುತ್ತದೆ ಎಂದು ಹಿಡಿದುಕೊಟ್ಟ ತಮ್ಮನಿಗೂ.

ಐಪಿವಿ4 ಪಿಂಗ್ ಹೋಗುತ್ತದೆ, ಐಪಿವಿ6 ಹೋಗುವುದಿಲ್ಲ, ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿದ ಕೂಡಲೇ ಅದೂ ಸರಿಯಾಗುತ್ತದೆ ಎಂದು ಬರೆದವರಿಗೆ ವಿಶೇಷ ಧನ್ಯವಾದ. ಆ ವರದಿಯಲ್ಲೇ ಉತ್ತರವಿತ್ತು. ಐಪಿವಿ6 ನೆರೆಯವರನ್ನು ಹುಡುಕುವುದು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದು ಗುಂಪಿಗೆ ಕಳಿಸುವ ಪ್ಯಾಕೆಟ್‌ಗಳಲ್ಲಿ. ಯಾವ ಗುಂಪಿನದನ್ನು ಒಳಗೆ ಬಿಡಬೇಕು ಎಂದು ಚಿಪ್ಪಿಗೆ ಹೇಳುವ ನಮ್ಮ ಹ್ಯಾಶ್ ಫಿಲ್ಟರ್ ತಪ್ಪಾಗಿದ್ದರಿಂದ ಚಿಪ್ ಅವನ್ನು ಎಸೆಯುತ್ತಿತ್ತು. ಟಿಸಿಪಿಡಂಪ್ ಕಾರ್ಡನ್ನು, ಬಂದದ್ದನ್ನೆಲ್ಲ ತೆಗೆದುಕೊಳ್ಳುವ ಪ್ರಾಮಿಸ್ಕ್ಯುಯಸ್ ಮೋಡ್‌ಗೆ ಹಾಕುವುದರಿಂದ ಫಿಲ್ಟರ್ ಬದಿಗೆ ಸರಿಯುತ್ತಿತ್ತು. ಇಂಥದ್ದನ್ನು ಹುಡುಕುವಾಗ ಟಿಸಿಪಿಡಂಪ್‌ಗೆ ಆ ಮೋಡ್ ಬೇಡ ಎನ್ನುವ '-ಪಿ' ಕೊಟ್ಟೇ ನೋಡಿ.

ಜಂಬೋ ಫ್ರೇಮ್ (1500ಕ್ಕಿಂತ ದೊಡ್ಡ ಪ್ಯಾಕೆಟ್), ಸಸ್ಪೆಂಡ್ ಆಗಿ ಏಳುವುದು ಇನ್ನೂ ಬಾಕಿ. ರಿಂಗಿಗೆ ಮೆಮೊರಿ ಪಡೆಯುವ ಕರೆಯ ಮೇಲೆ ಮೂರು ಸಾಲಿನ ಕಾಮೆಂಟ್ ಇದೆ. ಅದು ಆ ಬೆಳಗ್ಗೆ ಅಕ್ಕ ಹೇಳಿಬರೆಸಿದ್ದು, ಒಂದಕ್ಷರವೂ ತಿದ್ದಿಲ್ಲ.